ಸೀಸ ಹಿಡಿದ ನಳಿಗೆ

ಕೋವಿಯ ನಳಿಗೆಯನ್ನು ಪರೀಕ್ಷಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಕೋವಿಯನ್ನು ಮಡಚಿ, ಒಳಗೆ ಕಾಡತೂಸು ಇಲ್ಲವೆಂದು ಕಣ್ಣಿನಿಂದ ನೋಡಬೇಕು, ಆಮೇಲೆ ಬೆರಳು ಹಾಕಿ ಮುಟ್ಟಿ ನೋಡಬೇಕು. ನಂತರ ನಳಿಗೆಗಳನ್ನು ಮರದ ಹಿಡಿಯಿಂದ ಬಿಡಿಸಿ, ಹಿಂದಿನ ತುದಿಯನ್ನು ಕಣ್ಣಿಗೆ, ಮುಂದಿನ ತುದಿಯನ್ನು ಬೆಳಕಿಗೆ ಹಿಡಿಯಬೇಕು. ಬಲ್ಬಿನ ಬೆಳಕಲ್ಲ, ಆಕಾಶ, ಇಲ್ಲವೇ ಬಿಸಿಲು ಬಿದ್ದ ಬಿಳಿ ಗೋಡೆ. ನಳಿಗೆ ಸ್ವಚ್ಛವಾಗಿದ್ದರೆ ಉಂಗುರದೊಳಗೆ ಉಂಗುರವಾಗಿ ಬೆಳಕು ಕೂತಿರುತ್ತದೆ. ಕೊನೆಯಲ್ಲಿ ಒಂದು ನಾಣ್ಯದಷ್ಟು ಬಿಳುಪು. ಹಾರಿದ ಗುಂಡಿನ ಸೀಸ ಒಳಗೋಡೆಗೆ ಹಿಡಿದಿದ್ದರೆ ಆ ಉಂಗುರಗಳು ಅಲ್ಲಲ್ಲಿ ಮುರಿದು, ಬೂದುಬಣ್ಣದ ಗೀರುಗಳು ಕಾಣುತ್ತವೆ.

ಸೈನ್ಯದಲ್ಲಿ ನಾನು ಮಾಡಿದ್ದು ಇದೇ ಕೆಲಸ, ಆಯುಧಗಳ ದುರಸ್ತಿ ಮತ್ತು ತಪಾಸಣೆ. ನಿವೃತ್ತನಾದ ಮೇಲೆ ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆ ಮಾಡಿದೆ. ಠಾಣೆ ನಗರದ ಒಂದು ಸೆಕ್ಯುರಿಟಿ ಏಜೆನ್ಸಿಯವರು ತಮ್ಮ ಗನ್‌ಮ್ಯಾನ್‌ಗಳ ಕೋವಿಗಳನ್ನು ತಿಂಗಳಿಗೊಮ್ಮೆ ನೋಡಿಕೊಡಿ ಎಂದರು, ಒಪ್ಪಿದೆ. ಬ್ಯಾಂಕು, ಗೋದಾಮು, ಮುಚ್ಚಿದ ಕಾರ್ಖಾನೆ ಕಾಯುವ ಇವರ ಬಳಿ ಇದ್ದದ್ದು ಹೆಚ್ಚಾಗಿ ಹಳೆಯ ಜೋಡುನಳಿಗೆ ಕೋವಿಗಳು. ಕೋವಿಯೂ ಲೈಸೆನ್ಸೂ ಅವರವರದೇ. ಕೋವಿ ಇದ್ದವನಿಗೆ ಲಾಠಿಯವನ ಎರಡರಷ್ಟು ಸಂಬಳ. ಹಾಗಾಗಿ ಕೋವಿ ಎಂದರೆ ಅವರಿಗೆ ಅನ್ನ. ತಿಂಗಳ ಮೊದಲ ಭಾನುವಾರ ಆಫೀಸಿನ ಹಿಂದಿನ ಕೋಣೆಯಲ್ಲಿ ಸಾಲಾಗಿ ಕೂರುತ್ತಿದ್ದರು. ನನ್ನನ್ನು ‘ಉಸ್ತಾದ್’ ಎನ್ನುತ್ತಿದ್ದರು. ಒಂದು ಹನಿ ಎಣ್ಣೆ ಹೆಚ್ಚು ಸುರಿದರೂ ನಾನು ಬೈಯುತ್ತಿದ್ದೆ.

ಅವರಲ್ಲಿ ಒಬ್ಬರು ಮಲ್ಪೆಯ ಕಡೆಯವರು, ಐವತ್ತೈದು ದಾಟಿದವರು. ಕಲ್ಯಾಣದ ಒಂದು ಹೋಟೆಲಿನಲ್ಲಿ ಬಹಳ ವರ್ಷ ಗಲ್ಲಾದಲ್ಲಿ ಕೂತಿದ್ದರು. ಹೋಟೆಲು ಹೋಗಿ ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಾಗ ಅವರ ಕೈಯಲ್ಲಿ ಉಳಿದದ್ದು ಮಾವನಿಂದ ಬಂದ ಒಂದು ಕೋವಿ. ಅದನ್ನೇ ನಂಬಿ ಗನ್‌ಮ್ಯಾನ್ ಆದರು. ಡೊಂಬಿವಲಿಯ ಕೈಗಾರಿಕಾ ವಲಯ ಎಂಐಡಿಸಿಯಲ್ಲಿ ಮುಚ್ಚಿಹೋದ ಒಂದು ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ಹಗಲು ಡ್ಯೂಟಿ. ಮನೆ ಶಹಾಡಿನಲ್ಲಿ. ಮಿತಭಾಷಿ, ಸಮಯಕ್ಕೆ ಸರಿಯಾಗಿ ಬರುವವರು. ನನಗೆ ಅವರ ಮೇಲೆ ದೂರು ಇರಲಿಲ್ಲ.

ಒಂದು ಚಳಿಗಾಲದ ಕೊನೆಯಲ್ಲಿ ಅವರ ಕೋವಿಯ ಎಡನಳಿಗೆಯಲ್ಲಿ ಸೀಸ ಕಂಡಿತು. ಗುಂಡು ಹಾರಿಸದ ಕೋವಿಯಲ್ಲಿ ಸೀಸ ಹಿಡಿಯುವುದಿಲ್ಲ. ಎಲ್ಲಿಯಾದರೂ ಹಾರಿಸಿದ್ದೀರಾ ಎಂದು ಕೇಳಿದೆ. ಇಲ್ಲವೆಂದರು. ಹಳೆಯ ಸೀಸವೇ ಹಿಂದೆ ನನ್ನ ಕಣ್ಣು ತಪ್ಪಿರಬಹುದೆಂದುಕೊಂಡು, ಎಣ್ಣೆ ಹಾಕಿ ನೆನೆಯಲು ಬಿಟ್ಟು, ಕಂಚಿನ ಬ್ರಷ್ಷಿನಿಂದ ಉಜ್ಜಿ, ಬಟ್ಟೆ ಎಳೆದೆ. ಬಟ್ಟೆಯ ಮೇಲೆ ಬೂದು ಹೊಪ್ಪಳೆಗಳು ಬಂದವು. ನಳಿಗೆ ಕನ್ನಡಿಯಾಯಿತು. ಮುಂದಿನ ತಿಂಗಳು ನೋಡಿದರೆ ಅದೇ ಎಡನಳಿಗೆಯಲ್ಲಿ, ಅದೇ ಜಾಗದಲ್ಲಿ, ಅದೇ ಗೀರುಗಳು. ಏಜೆನ್ಸಿ ಕೊಟ್ಟ ಕಾಡತೂಸುಗಳು ಮೊಹರು ಸಮೇತ ಅವರ ಬೆಲ್ಟಿನಲ್ಲೇ ಇದ್ದವು. ಬೈದು, ಮತ್ತೆ ಉಜ್ಜಿ ಕೊಟ್ಟೆ. ಅವರು ತಲೆ ತಗ್ಗಿಸಿ ನಿಂತಿದ್ದರು.

ಏಪ್ರಿಲ್‌ನಲ್ಲಿ ಏಜೆನ್ಸಿಯ ಮ್ಯಾನೇಜರ್ ಫೋನ್ ಮಾಡಿದ. ನನ್ನ ಮಗನ ವಯಸ್ಸಿನ ಮರಾಠಿ ಹುಡುಗ, ಕೆಲಸದಲ್ಲಿ ಚುರುಕು. ಕಾರ್ಖಾನೆಯ ಎದುರು ಟಪರಿ, ಅಂದರೆ ಚಹಾದ ಗೂಡಂಗಡಿ, ಇಟ್ಟವನು ಮಧ್ಯಾಹ್ನದ ಹೊತ್ತು ಒಳಗಿನಿಂದ ಗುಂಡಿನ ಸದ್ದು ಕೇಳಿದೆನೆಂದು ಊರೆಲ್ಲ ಹೇಳುತ್ತಿದ್ದಾನೆ, ಮಾಲೀಕರ ಕಿವಿಗೂ ಬಿದ್ದಿದೆ ಎಂದ. ಗನ್‌ಮ್ಯಾನ್ ಸುಮ್ಮನೆ ಗುಂಡು ಹಾರಿಸಿದ್ದು ನಿಜವಾದರೆ ಏಜೆನ್ಸಿ ಪೊಲೀಸರಿಗೆ ತಿಳಿಸಲೇಬೇಕು. ಕೋವಿ ಜಪ್ತಿ, ಲೈಸೆನ್ಸ್ ರದ್ದು. ಆ ವಯಸ್ಸಿಗೆ ಲಾಠಿ ಕೆಲಸವೂ ಸಿಗುವುದಿಲ್ಲ.

“ಕಾಕಾ, ಬಂದೂಕ್ ಚಲೀ ಕಿ ನಹೀಂ, ಬಸ್ ಇತ್ನಾ ಬತಾವೋ,” ಎಂದ. ಬಂದೂಕು ಹಾರಿದೆಯೋ ಇಲ್ಲವೋ, ಅಷ್ಟು ಹೇಳಿದರೆ ಸಾಕು. ಎರಡು ತಿಂಗಳಿಂದ ನಾನು ಕಂಡ ಸೀಸದ ಮಾತನ್ನು ಅವನಿಗೆ ಹೇಳಿರಲಿಲ್ಲ. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮರುದಿನ ಬ್ರಷ್, ಎಣ್ಣೆ, ಬಟ್ಟೆ ಚೀಲಕ್ಕೆ ಹಾಕಿಕೊಂಡು ರಿಕ್ಷಾ ಹಿಡಿದೆ. ಎಂಐಡಿಸಿಯ ವಾಸನೆ ನನಗೆ ಹೊಸದಲ್ಲ, ಗಾಳಿ ತಿರುಗಿದರೆ ನಮ್ಮ ಬಾಲ್ಕನಿಗೂ ಬರುತ್ತದೆ. ಆದರೆ ಆ ಕಾಂಪೌಂಡಿನ ಒಳಗೆ ಬೇರೆಯೇ ಇತ್ತು. ಕೆಲಸ ನಿಂತು ವರ್ಷಗಳಾಗಿದ್ದರೂ ನೆಲ ಇನ್ನೂ ನೇರಳೆ ಬಣ್ಣಕ್ಕಿತ್ತು, ಚರಂಡಿಯ ನೀರು ಹಸಿರು. ಅಂಗಳದ ಆಚೆ ಉದ್ದಕ್ಕೆ ಒಂದು ಬಿಳಿ ಗೋಡೆ, ಅದರ ಪಕ್ಕದಲ್ಲಿ ದೊಡ್ಡ ಕಬ್ಬಿಣದ ಟ್ಯಾಂಕು. ರಸ್ತೆಯ ನಾಯಿಗಳು ಗೇಟಿನ ತನಕ ನನ್ನ ಹಿಂದೆ ಬಂದವು, ಗೇಟು ತೆರೆದೇ ಇದ್ದರೂ ಒಳಗೆ ಕಾಲಿಡಲಿಲ್ಲ. ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಸೂರ್ಯ ನೆತ್ತಿಗೆ ಬಂದಿದ್ದ, ಕಂಬಗಳಿಗೆ ನೆರಳಿರಲಿಲ್ಲ.

ಅವರು ಗೇಟಿನ ಕ್ಯಾಬಿನ್ನಿನ ಹೊರಗೆ ಕುರ್ಚಿಯಲ್ಲಿ ಕೂತಿದ್ದರು. ನಳಿಗೆಗಳನ್ನು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನಾನು ಬಂದ ಕಾರಣವನ್ನು ನೇರವಾಗಿ ಹೇಳಿದೆ.

“ಉಸ್ತಾದ್ರೆ, ನಾನು ಹೊಡಿಲಿಲ್ಲ. ಇದೊಂದು ಹೋದ್ರೆ ನನಗೆ ಬೇರೆ ಎಂತದೂ ಇಲ್ಲ ಮಾರಾಯ್ರೆ.”

ದಿನಾ ಹೇಗೆ ಸ್ವಚ್ಛ ಮಾಡುತ್ತೀರಿ, ಮಾಡಿ ತೋರಿಸಿ ಎಂದೆ. ಅವರು ಜೇಬಿನಿಂದ ಒಂದು ನೈಲಾನ್ ಹುರಿ ತೆಗೆದರು. ಒಂದು ತುದಿಗೆ ಬಟ್ಟೆಯ ಚಿಂದಿ, ಇನ್ನೊಂದು ತುದಿಗೆ ಭಾರ. ಭಾರವನ್ನು ನಳಿಗೆಯೊಳಗೆ ಇಳಿಬಿಟ್ಟು, ಆಚೆಯಿಂದ ಹುರಿ ಹಿಡಿದು ಬಟ್ಟೆಯನ್ನು ಎಳೆದುಕೊಳ್ಳುವುದು ಕ್ರಮ. ನಾನು ಎಲ್ಲರಿಗೂ ಹಿತ್ತಾಳೆಯ ಭಾರ ಕೊಟ್ಟಿದ್ದೆ. ಅವರ ಹುರಿಯಲ್ಲಿ ಇದ್ದದ್ದು ಹಿತ್ತಾಳೆಯಲ್ಲ. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿಗಳನ್ನು ಸಾಲಾಗಿ ಪೋಣಿಸಿ ಕಟ್ಟಿದ್ದರು.

ಹಿತ್ತಾಳೆ ಎಲ್ಲಿ ಹೋಯಿತು ಎಂದೆ. ಚರಂಡಿಗೆ ಬಿತ್ತು, ಆ ನೀರಿಗೆ ಕೈ ಹಾಕಲು ಧೈರ್ಯ ಬರಲಿಲ್ಲ, ಮನೆಯ ಅಟ್ಟದಲ್ಲಿ ತಂದೆಯ ಕಾಲದ ಬಲೆ ಇತ್ತು ಎಂದರು. ಇನ್ನೊಂದು ಕೇಳಬಹುದಿತ್ತಲ್ಲ ಎಂದೆ.

“ನಿಮ್ಮತ್ರ ಕೇಳುದಕ್ಕಿಂತ ಬಲೆ ಬಿಚ್ಚುದು ಸುಲಭ ಅಂತ ಕಂಡಿತು.”

ನನಗೆ ನಗು ಬಂತು. ನಳಿಗೆ ತೆಗೆದುಕೊಂಡು ಮತ್ತೆ ಸರಿಯಾಗಿ ನೋಡಿದೆ. ಗುಂಡು ಹಾರಿದಾಗ ಹಿಡಿಯುವ ಸೀಸ ಕಾಡತೂಸಿನ ಕೋಣೆ ದಾಟಿದ ಕೂಡಲೇ ಸುತ್ತಲೂ ಹರಡುತ್ತದೆ, ಮತ್ತೆ ಬಾಯಿಯ ಹತ್ತಿರ ದಟ್ಟವಾಗುತ್ತದೆ, ಜೊತೆಗೆ ಮದ್ದಿನ ಕಪ್ಪು ಇರುತ್ತದೆ. ಇಲ್ಲಿ ಕಪ್ಪಿಲ್ಲ, ಮದ್ದಿನ ವಾಸನೆಯಿಲ್ಲ. ಗೀರು ಉದ್ದಕ್ಕೂ ಒಂದೇ ಬದಿಯಲ್ಲಿ ಹುರಿ ಜಾರಿದ ಹಾಗೇ ಹೋಗಿತ್ತು. ಏಜೆನ್ಸಿಯ ಹಿಂದಿನ ಕೋಣೆಯಲ್ಲಿ ಬಲ್ಬು ಹಾಕಿಕೊಂಡು ಗಡಿಬಿಡಿಯಲ್ಲಿ ನೋಡಿದಾಗ ಈ ವ್ಯತ್ಯಾಸ ಗಮನಕ್ಕೆ ಬಂದಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ದಿನಕ್ಕೊಮ್ಮೆ ಎಳೆದರೆ ಮೆತ್ತನೆಯ ಸೀಸವಾದರೂ ಇಷ್ಟು ಮೆತ್ತಿಕೊಳ್ಳುವುದಿಲ್ಲ. ಎಷ್ಟು ಸಲ ಎಳೆಯುತ್ತೀರಿ ಎಂದು ಕೇಳಿದೆ.

ಮಧ್ಯಾಹ್ನ ಪೂರ್ತಿ ಎಳೆಯುತ್ತೇನೆ ಎಂದರು.

“ಯಾಕೆ?”

“ಕೊಳೆ ಹೋಯ್ತಾ ಅಂತ ಗೋಡೆ ಕಡೆ ಹಿಡಿದು ನೋಡ್ತೇನಲ್ಲ, ಆಗ ಎಡದ ನಳಿಗೆಯೊಳಗೆ ಒಬ್ರು ಹೋಗ್ತಾರೆ. ಬಲದಿಂದ ಎಡಕ್ಕೆ. ತಿರುಗಿ ಬರುದಿಲ್ಲ, ಮತ್ತೆ ಬಲದಿಂದಲೇ ಬರುದು. ಕೋವಿ ಇಳಿಸಿದ್ರೆ ಅಂಗಳದಲ್ಲಿ ಯಾರೂ ಇಲ್ಲ. ಒಳಗೆ ಕೊಳೆ ಇರ್ಬೇಕು, ಅದೇ ಹಾಗೆ ಕಾಣುದು ಅಂತ ಒರೆಸಿದೆ. ಒರೆಸಿದಷ್ಟೂ ಮಬ್ಬಾಯ್ತು.”

ಬಿಸಿಲಿಗೆ ಕಣ್ಣು ಹಾಗೆ ಮಾಡುತ್ತದೆ, ನೀರು ಕುಡಿಯಿರಿ ಎಂದೆ. ಅವರು ಕ್ಯಾಬಿನ್ನಿನಿಂದ ನೀರಿನ ಬಾಟಲಿ ತಂದರು.

ನಾನು ಕುರ್ಚಿಯಲ್ಲಿ ಕೂತು ನಳಿಗೆಗೆ ಎಣ್ಣೆ ಬಿಟ್ಟು, ಬ್ರಷ್ ಸಿಕ್ಕಿಸುತ್ತಿದ್ದೆ. ಆಗಲೇ ಅಂಗಳದಲ್ಲಿ ಸದ್ದಾಯಿತು. ಗುಂಡಿನದೇ ಸದ್ದು, ಒಂದೇ ಏಟು. ಮೂವತ್ತು ವರ್ಷ ಆ ಸದ್ದಿನ ಜೊತೆ ಬದುಕಿದ ನಾನೂ ತಲೆ ತಗ್ಗಿಸಿದೆ. ರಸ್ತೆಯಾಚೆ ಟಪರಿಯವನು ಚಹಾದ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಗೇಟಿನ ಕಡೆ ಓಡಿಬಂದ. ಬಂದವನು ಕಂಡದ್ದು ನನ್ನ ತೊಡೆಯ ಮೇಲೆ ಬಿಡಿಸಿಟ್ಟ ನಳಿಗೆ, ಗನ್‌ಮ್ಯಾನನ ಕೈಯಲ್ಲಿ ಬರಿಯ ನೀರಿನ ಬಾಟಲಿ. ನೀನು ಹೇಳುತ್ತಿದ್ದದ್ದು ಇದೇ ಸದ್ದೇ ಎಂದು ಕೇಳಿದೆ. ಇದೇ ಎಂದ. ಟ್ಯಾಂಕಿನ ಹತ್ತಿರ ಹೋಗಿ ಕೈ ಇಟ್ಟೆ, ಸುಟ್ಟಿತು. ಬಿಸಿಲಿಗೆ ತಗಡು ಉಬ್ಬಿ ಒಮ್ಮೆಲೇ ಮಗುಚಿದರೆ ಹೀಗೆ ಸದ್ದಾಗುತ್ತದೆ ಎಂದು ಅವನಿಗೆ ಹಿಂದಿಯಲ್ಲಿ ವಿವರಿಸಿದೆ. ಅವನು ಟ್ಯಾಂಕನ್ನು ನೋಡಿದ, ನನ್ನನ್ನು ನೋಡಿದ.

“ಉಸ್ತಾದ್‌ಜೀ, ಟಾಂಕೀ ತೋ ಕಬ್ ಸೇ ಹೈ. ಆವಾಜ್ ತೋ ಅಭೀ ದೋ ಮಹೀನೇ ಸೇ ಹೈ.” ಟ್ಯಾಂಕು ಯಾವ ಕಾಲದ್ದೋ, ಸದ್ದು ಮಾತ್ರ ಎರಡು ತಿಂಗಳಿಂದ, ಎಂದ.

ನನ್ನ ಕೆಲಸಕ್ಕೆ ಬೇಕಾದದ್ದು ಸಿಕ್ಕಿತ್ತು. ಅಲ್ಲಿಂದಲೇ ಮ್ಯಾನೇಜರ್‌ಗೆ ಫೋನ್ ಮಾಡಿ, ಕೋವಿ ಹಾರಿಲ್ಲ, ಸದ್ದಿಗೂ ಕೋವಿಗೂ ಸಂಬಂಧವಿಲ್ಲ, ಟಪರಿಯವನೇ ಸಾಕ್ಷಿ ಎಂದೆ. ಟಪರಿಯವನಿಗೂ ಫೋನ್ ಕೊಟ್ಟು ಮಾತಾಡಿಸಿದೆ. ಮ್ಯಾನೇಜರ್ ನಿಟ್ಟುಸಿರು ಬಿಟ್ಟು, ಮಾಲೀಕರಿಗೆ ತಾನೇ ಹೇಳುತ್ತೇನೆ, ಗನ್‌ಮ್ಯಾನ್ ಅಲ್ಲೇ ಮುಂದುವರಿಯಲಿ ಎಂದ. ಆ ಮಾತು ಕೇಳಿಸಿದಾಗ ಅವರು ನನ್ನ ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು.

ಎಡನಳಿಗೆಯ ಕೆಲಸ ಮುಗಿಸಲು ಬಹಳ ಹೊತ್ತು ಹಿಡಿಯಿತು. ಬ್ರಷ್ ಮುಂದೆ ಹಿಂದೆ ಎಳೆದು, ಎಣ್ಣೆ ಬಟ್ಟೆ, ಒಣ ಬಟ್ಟೆ, ಮತ್ತೆ ಬ್ರಷ್. ಕೊನೆಯ ಚಿಂದಿ ಬಿಳಿಯಾಗಿಯೇ ಹೊರಬಂತು. ನಳಿಗೆಯನ್ನು ಕಣ್ಣಿಗೆ ಏರಿಸಿ ಆಚೆಯ ಬಿಳಿ ಗೋಡೆಗೆ ಹಿಡಿದೆ. ಉಂಗುರಗಳು ಒಂದೂ ಮುರಿಯದೆ ಕೂತಿದ್ದವು. ಕೊನೆಯ ನಾಣ್ಯದಷ್ಟು ಬಿಳುಪು ನಿಚ್ಚಳವಾಗಿತ್ತು. ನೋಡುತ್ತಿದ್ದಂತೆ ಅದರ ಬಲಗಡೆಯಿಂದ ಒಂದು ಕಪ್ಪು ಬಂತು. ಅವಸರವಿಲ್ಲದೆ, ನಡೆಯುವವರು ಹೋಗುವ ವೇಗದಲ್ಲಿ, ಬಿಳುಪನ್ನು ಪೂರ್ತಿ ಮುಚ್ಚಿ, ಎಡಕ್ಕೆ ದಾಟಿತು. ಮತ್ತೆ ಬಿಳುಪು.

ನಳಿಗೆ ಇಳಿಸಿದೆ. ಅಂಗಳ ಖಾಲಿ. ಗೋಡೆಯ ಮೇಲೆ ಬಿಸಿಲು. ಮೋಡವಿರಲಿಲ್ಲ, ಹಕ್ಕಿಯಿರಲಿಲ್ಲ. ಕ್ರಮದ ಪ್ರಕಾರ ಬಲನಳಿಗೆಯನ್ನೂ ನೋಡಬೇಕಿತ್ತು. ನೋಡಲಿಲ್ಲ. ಕೋವಿ ಜೋಡಿಸಿ ಅವರ ಕೈಗೆ ಕೊಟ್ಟೆ.

“ಕಂಡಿತಾ?” ಎಂದರು.

“ನಳಿಗೆ ಸ್ವಚ್ಛ ಉಂಟು.”

“ಅದನ್ನ ನಾನು ಕೇಳ್ಲಿಲ್ಲ ಉಸ್ತಾದ್ರೆ.”

ನಾನು ಬ್ರಷ್ಷನ್ನು ಚೀಲಕ್ಕೆ ಹಾಕಿದೆ. ಸೀಸದ ಮಣಿಗಳನ್ನು ಹುರಿಯಿಂದ ಬಿಚ್ಚಿಸಿ, ನನ್ನ ಚೀಲದಲ್ಲಿದ್ದ ಹಿತ್ತಾಳೆಯ ಭಾರ ಕಟ್ಟಿಸಿದೆ.

ಆ ವಾರವೇ ಮ್ಯಾನೇಜರ್ ಬಳಿ ಅವರಿಗೆ ಬೇರೆ ಜಾಗ ಕೊಡಿಸಲು ನೋಡಿದೆ. ಭಿವಂಡಿಯ ಒಂದು ಗೋದಾಮಿನಲ್ಲಿ ಮಾತ್ರ ಖಾಲಿಯಿತ್ತು, ಲಾಠಿ ಡ್ಯೂಟಿ, ಅರ್ಧ ಸಂಬಳ. ಅವರಿಗೆ ತಿಳಿಸಿದೆ. ಎರಡು ದಿನ ಯೋಚಿಸಿ, ಬೇಡ, ಇದ್ದಲ್ಲೇ ಇರುತ್ತೇನೆ ಎಂದರು. ಕುರ್ಚಿಯನ್ನು ಮಾತ್ರ ರಸ್ತೆಯ ಕಡೆ ತಿರುಗಿಸಿಕೊಂಡರು, ಟಪರಿಯವನ ಮುಖ ಕಾಣುವ ಹಾಗೆ. ನಳಿಗೆಯನ್ನು ಅಲ್ಲಿ ಬಿಚ್ಚುವುದನ್ನೇ ನಿಲ್ಲಿಸಿದರು.

ಅದಾದ ಮೇಲೆ ಅವರು ತಿಂಗಳ ಭಾನುವಾರದ ತನಕ ಕಾಯಲಿಲ್ಲ. ಪ್ರತಿ ವಾರ ರಜೆಯ ದಿನ ಕ್ಯಾನ್ವಾಸ್ ಚೀಲದಲ್ಲಿ ಕೋವಿ ಹಾಕಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ಚಹಾ ಕೊಡುತ್ತಿದ್ದಳು. ಬಾಲ್ಕನಿಯಲ್ಲಿ ನಿಂತು ನಾನು ಎರಡೂ ನಳಿಗೆಗಳನ್ನು ಆಕಾಶಕ್ಕೆ ಹಿಡಿದು ನೋಡುತ್ತಿದ್ದೆ. ಅವರು ಒಮ್ಮೆಯೂ ನಳಿಗೆಯ ಕಡೆ ನೋಡುತ್ತಿರಲಿಲ್ಲ. ಚಹಾದ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.