ಬಾಬಣ್ಣನ ಚಹಾಡಬ್ಬಿ

ಇಂಡಿ ತಾಲೂಕಿನ ಬೇಸಿಗೆ ಬಿಸಿಲಿನಲ್ಲಿ ಕರಿ ಕೋಟು ಬಿಚ್ಚದೆ ತಿರುಗಿದ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ. ಹೆಸರು ಬಾಬುರಾವ್. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಾದ್ದರಿಂದ ಬಾಬಣ್ಣ ಎನ್ನುತ್ತಿದ್ದೆ. ಬೆವರು ಇಳಿದು ಅಂಗಿಯ ಕಾಲರು ತೊಯ್ದು ಹೋದರೂ ಕೋಟಿನ ಮೂರೂ ಗುಂಡಿ ಹಾಕಿಯೇ ಇರುತ್ತಿದ್ದವು. ಸೆಖೆ ಆಗುವುದಿಲ್ಲವೇನು ಎಂದು ಕೇಳಿದರೆ ಅವನದು ಒಂದೇ ಉತ್ತರ.

“ಕೋಟು ಬಿಚ್ಚಿದೆ ಅಂದ್ರ ‘ಯಾರ ಪೈಕಿ ನೀ’ ಅಂತ ಕೇಳತಾರ. ಹಾಕ್ಕೊಂಡಿದ್ರ ‘ಎಲ್ಲಿಂದ ಬಂದ್ರಿ ಸಾಹೇಬ್ರ’ ಅಂತಾರ. ಸೆಕಿ ತಡಕೋಬಹುದು, ಡ್ರೈವರ್.”

ಯಾರ ಪೈಕಿ ಎಂದರೆ ಯಾವ ಜಾತಿ ಎಂದು. ನಾನು ಅದನ್ನು ಚೇಷ್ಟೆ ಎಂದು ತಿಳಿದು ನಗುತ್ತಿದ್ದೆ. ಅವನ ಮಾತಿಗೆಲ್ಲ ನಗುವುದು ಆಗ ನನಗೆ ರೂಢಿಯಾಗಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಗೊಳಸಂಗಿಯವನು, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಕಲ್ಲು ಹೊತ್ತು, ಲಾರಿ ತೊಳೆದು, ಯಾರ ಕೈಕಾಲೂ ಹಿಡಿಯದೆ ಸ್ಟಿಯರಿಂಗ್ ಹಿಡಿದೆ; ಅದನ್ನು ಹೇಳಿಕೊಳ್ಳಲು ಇವತ್ತಿಗೂ ಸಂಕೋಚವಿಲ್ಲ. ಸೊಲ್ಲಾಪುರದಲ್ಲಿ ಆಫೀಸಿದ್ದ ಒಂದು ಚಹಾಪುಡಿ ಕಂಪನಿಯ ಪ್ರಚಾರದ ವ್ಯಾನು ನನ್ನ ಕೈಗೆ ಬಂತು. ಊರೂರಿಗೆ ಹೋಗುವುದು, ಜನಕ್ಕೆ ಪುಕ್ಕಟೆ ಚಹಾ ಕುಡಿಸುವುದು, ದೀಪ ಹಚ್ಚುವ ಹೊತ್ತಿಗೆ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುವುದು. ಗಾಡಿ ಮತ್ತು ಜನರೇಟರ್ ನನ್ನ ಪಾಲಿಗೆ, ಸಿನಿಮಾ ಮಷೀನು ಬಾಬಣ್ಣನ ಪಾಲಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ಸುತ್ತಿ ಮುಗಿಸಲು ಎರಡು ತಿಂಗಳು ಬೇಕು. ಮುಗಿದ ಮರುದಿನ ಮತ್ತೆ ಮೊದಲ ಊರು.

ಬಾಬಣ್ಣ ಇಂಡಿ ತಾಲೂಕಿನ ಭೀಮಾ ದಂಡೆಯ ಹಳ್ಳಿಯವನು. ಅವರ ಅಪ್ಪನ ಕಾಲಕ್ಕೆ ಮನೆತನ ಬೌದ್ಧ ಧರ್ಮಕ್ಕೆ ಬಂದಿತ್ತು. ಸೊಲ್ಲಾಪುರದಲ್ಲಿ ಮ್ಯಾಟ್ರಿಕ್ ಮುಗಿಸಿ ಟಾಕೀಜಿನಲ್ಲಿ ಕೆಲಸ ಕಲಿತಿದ್ದ. ಮೊದಲ ಒಂದು ವಾರ ನಾನು ನನ್ನ ಬುತ್ತಿಯನ್ನು ಬೇರೆ ಗಿಡದ ಕೆಳಗೆ, ಅವನಿಗೆ ಬೆನ್ನು ಮಾಡಿ ಬಿಚ್ಚುತ್ತಿದ್ದೆ. ಅವನಿಗೆ ತಿಳಿದಿಲ್ಲ ಎಂದುಕೊಂಡಿದ್ದೆ. ಎಂಟನೇ ದಿನ ಬಂದು ಎದುರಿಗೆ ಕೂತು, ನನ್ನ ರೊಟ್ಟಿಯ ಮೇಲಿನ ಶೇಂಗಾ ಚಟ್ನಿಗೆ ಕೈ ಹಾಕಿದ.

“ನಿಮ್ಮವ್ವನ ಕೈ ಛಲೋ ಐತಿ. ಸಿಟ್ಟಾಗೂದಿದ್ರ ನಾಳೆ ಆಗು, ಇವತ್ತ ಹಸದೇನಿ.”

ನಾನು ಮರುದಿನವೂ ಸಿಟ್ಟಾಗಲಿಲ್ಲ. ಅವತ್ತಿನಿಂದ ಇಬ್ಬರ ಬುತ್ತಿಗೂ ಒಂದೇ ಅರಿವೆ.

ಕಂಪನಿಯ ಸಾಹೇಬರು ಅವನಿಗೆ ಗಡಿಯಾರದ ಹಾಗೆ ಕೀಲಿ ತಿರುಗಿಸಿ ಓಡಿಸುವ ಸಣ್ಣ ಸಿನಿಮಾ ಕ್ಯಾಮೆರಾ ಒಂದನ್ನು ಕೊಟ್ಟಿದ್ದರು. ಹಳ್ಳಿಯ ಜನ ಚಹಾ ಕುಡಿದು ನಗುವ ಚಿತ್ರ ಬೇಕು ಎಂದಿದ್ದರು. ಆದರೆ ಕ್ಯಾಮೆರಾ ಕಂಡ ಕೂಡಲೇ ನಮ್ಮ ಜನ ತಲೆಯ ಪಟಕ ಸರಿಮಾಡಿಕೊಂಡು, ಕೈ ಕೆಳಗೆ ಬಿಟ್ಟು, ಪೊಲೀಸರ ಮುಂದೆ ನಿಂತಂತೆ ನಿಂತುಬಿಡುತ್ತಿದ್ದರು. ಬಾಬಣ್ಣ ಎರಡು ದಿನ ತಲೆ ಕೆರೆದುಕೊಂಡ. ಮೂರನೇ ದಿನ ದೊಡ್ಡದೊಂದು ಚಹಾಪುಡಿ ಡಬ್ಬಿ ತಂದು, ಅದರ ಮೇಲೆ ಅಚ್ಚಾಗಿದ್ದ ಸೂರ್ಯನ ನಡುವೆ ತೂತು ಕೊರೆದು, ಕ್ಯಾಮೆರಾವನ್ನು ಒಳಗೆ ಕೂಡಿಸಿದ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ತೊಂದರೆ ಒಂದೇ. ಕೀಲಿ ಬಿಚ್ಚುವಾಗ ಕ್ಯಾಮೆರಾ ಜೀರುಂಡೆಯ ಹಾಗೆ ಕಿರ್ ಎನ್ನುತ್ತಿತ್ತು. ಅದನ್ನು ಮುಚ್ಚಲು ನಾನು ಬೇಕಾದೆ. ಅವನು ಗುಂಡಿ ಒತ್ತಿ ಡಬ್ಬಿ ಇಟ್ಟವನೇ ಎಡಗಿವಿ ತುರಿಸಿಕೊಳ್ಳಬೇಕು. ನಾನು ಸೀಟಿನಲ್ಲಿ ಕೂತು ಆಕ್ಸಿಲೇಟರ್ ತುಳಿದು ಎಂಜಿನ್ ಗುರ್ ಅನ್ನಿಸಬೇಕು. ಒಂದು ಕೀಲಿಗೆ ಒಂದು ನಿಮಿಷ. “ಒಂದ ನಿಮಿಷದಾಗ ಮನಷ್ಯಾನ ಖರೇ ಮುಖ ಹೊರಗ ಬರಬೇಕು ಡ್ರೈವರ್, ಆಮ್ಯಾಲ ಅಂವ ಮತ್ತ ಮುಚ್ಕೋತಾನ” ಎನ್ನುತ್ತಿದ್ದ.

ಸಿಂದಗಿಯ ಬಜಾರಿನಲ್ಲಿ ಒಂದು ದಿನ, ತೊಗರಿ ಚೀಲ ಇಳಿಸಿ ನಿಂತಿದ್ದ ಎತ್ತುಗಳ ಹತ್ತಿರ ಹೋಗಿ, ಬಾಬಣ್ಣ ಕೋಟಿನ ಕಿಸೆಯಿಂದ ದರ್ಜಿಯ ಟೇಪು ತೆಗೆದ. ಒಂದು ಎತ್ತಿನ ಕೊಂಬನ್ನು ಅಳೆದು, ಗಂಭೀರವಾಗಿ ವಹಿಯಲ್ಲಿ ಬರೆದುಕೊಂಡ. ಇನ್ನೊಂದನ್ನು ಅಳೆದ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎತ್ತಿನ ಹಗ್ಗ ಹಿಡಿದವರ ಸಾಲು ಹೋಟೆಲಿನವರೆಗೆ ಬೆಳೆಯಿತು. ನಮ್ಮದನ್ನೂ ಬರೆದುಕೊಳ್ಳಿ ಎಂದು ಒಬ್ಬ ದುಂಬಾಲು ಬಿದ್ದರೆ, ಅವನ ಎತ್ತಿಗಿಂತ ತನ್ನದಕ್ಕೆ ಎರಡು ಬೆರಳು ಹೆಚ್ಚು ಎಂದು ಇನ್ನೊಬ್ಬ ಜಗಳಕ್ಕೆ ನಿಂತ. ಬಾಬಣ್ಣ ಕಿವಿ ತುರಿಸಿಕೊಂಡ, ನಾನು ತುಳಿದೆ.

ಮುದ್ದೇಬಿಹಾಳದ ದಾರಿಯಲ್ಲಿ ಸೋತವರು ನಾವು. ಗಾಡಿ ಕುದಿಯುತ್ತಿತ್ತು. ಬಾನೆಟ್ಟು ಎತ್ತಿ, ನೀರಿನ ಮುಚ್ಚಳ ತೆಗೆದು ನಿಲ್ಲಿಸಿದ್ದೆ. ತುಸು ದೂರದಲ್ಲಿ ಕುರಿ ಹಿಂಡಿನ ಹಿಂದೆ ಒಬ್ಬ ಮುದುಕ ಬರುತ್ತಿದ್ದ. ಬಾಬಣ್ಣ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಬಂದು, ವ್ಯಾನಿನ ಹಿಂಭಾಗದಲ್ಲಿ ಮೈಕು ಹಿಡಿದು ಮಲಗಿದ. ನಾನು ಸೀಟಿನ ಕೆಳಗೆ ಬೋರಲು ಬಿದ್ದು ಆಕ್ಸಿಲೇಟರನ್ನು ಕೈಯಿಂದ ಒತ್ತಿದೆ. ಮುದುಕ ಹತ್ತಿರ ಬಂದಾಗ ವ್ಯಾನಿನ ಮೇಲಿನ ಲೌಡ್‌ಸ್ಪೀಕರಿನ ಕರ್ಣೆಯಿಂದ ಗಾಡಿಯೇ ಮಾತಾಡಿತು: “ಯಜ್ಜಾ, ಒಂದೀಟು ಚಹಾ ಹಾಕಸ್ರಿ, ಭಾಳ ದಣದೇನಿ.”

ಮುದುಕ ಬೆಚ್ಚಲಿಲ್ಲ, ಓಡಲಿಲ್ಲ. ನಿಂತು ಗಾಡಿಯ ಮುಖ ನೋಡಿದ. “ಚಹಾ ನಿನಗ ಆಗಿಬರೂದಿಲ್ಲ ತಮ್ಮಾ, ನೀರ ಕುಡಿ” ಎಂದು ಹೆಗಲಿನ ತತ್ರಾಣಿಯಲ್ಲಿ ತನಗೆಂದು ಇಟ್ಟುಕೊಂಡಿದ್ದ ನೀರನ್ನು ಅಷ್ಟೂ ಸುರಿದು, ಬಾನೆಟ್ಟನ್ನು ಎರಡು ಸಲ ತಟ್ಟಿ, ಕುರಿಗಳ ಹಿಂದೆ ಹೋದ. ನಾವಿಬ್ಬರೂ ಮಲಗಿದಲ್ಲಿಂದ ಏಳಲಿಲ್ಲ. ಮುಂದಿನ ಸುತ್ತಿನಲ್ಲಿ ಪರದೆಯ ಮೇಲೆ ಆ ತುಂಡು ಬಂದಾಗ ಊರೆಲ್ಲ ನಕ್ಕಿತು. ಮುದುಕ ಮಾತ್ರ ನಗದೆ, ಪಕ್ಕದವನಿಗೆ ಆ ಗಾಡಿ ಅವತ್ತು ಭಾಳ ಬಳಲಿತ್ತು ಎಂದು ಹೇಳುತ್ತಿದ್ದನಂತೆ.

ರೀಲು ತೊಳೆಯಲು ಮುಂಬೈಗೆ ಹೋಗಿ ಬರಬೇಕು. ಬಂದ ಮೇಲೆ ಕಂಪನಿಗೆ ಬೇಕಾದ ಮುಖಗಳನ್ನು ಕತ್ತರಿಸಿ ಕಳಿಸಿ, ಉಳಿದದ್ದನ್ನು ಬಾಬಣ್ಣ ಒಂದಕ್ಕೊಂದು ಅಂಟಿಸುತ್ತಿದ್ದ. ನಾಲ್ಕು ತಾಲೂಕಿನ ನಗೆಯನ್ನು ಒಂದೇ ಸಿನಿಮಾದಲ್ಲಿ ತರಬೇಕೆಂಬುದು ಅವನ ಆಸೆ. ಅದರಲ್ಲಿ ಕಥೆ ಏನು ಎಂದು ನಾನು ಕೇಳಿದ್ದೆ. ಇಬ್ಬರು ಗೆಳೆಯರು ಒಂದು ಗಾಡಿ ತಗೊಂಡು ಹೊರಟರು, ಅಷ್ಟೇ ಕಥೆ ಎಂದ. ಕೊನೆ ಏನು ಎಂದದ್ದಕ್ಕೆ, ಪೆಟ್ರೋಲ್ ಮುಗಿಯುವತನಕ ನೋಡೋಣ ಎಂದ.

ಬಾಗೇವಾಡಿಯ ಆಚೆ ಒಂದು ಊರು. ಹೆಸರು ಬರೆಯುವುದಿಲ್ಲ, ಆಗಿನ ಕಾಲಕ್ಕೆ ಅಂಥ ಊರು ಅದೊಂದೇ ಅಲ್ಲ. ಅಲ್ಲಿನ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಹಿಡಿ ಮುರಿದ ನಾಲ್ಕು ಕಪ್ಪುಗಳು ಇರುತ್ತಿದ್ದವು. ಕೇರಿಯ ಜನ ಬಂದರೆ ತಾವೇ ಒಂದು ತೆಗೆದುಕೊಂಡು, ಮೇಲಿನಿಂದ ಸುರಿದ ಚಹಾ ಹಿಡಿದು, ಹೊರಗೇ ಕುಡಿದು, ತೊಳೆದು ಇಟ್ಟು ಹೋಗಬೇಕು. ಅವತ್ತು ಬಾಬಣ್ಣ, ನೀನು ಎಣ್ಣೆ ಬಡಿದ ಖಾಕಿಯಲ್ಲೇ ಬಾ, ನನ್ನ ಹಿಂದೆ ಹತ್ತು ಹೆಜ್ಜೆ ಬಿಟ್ಟು ಬಾ, ಬಾಯಿ ಬಿಡಬೇಡ ಎಂದ. ಎಂಜಿನ್ ಬೇಡ, ಅವರ ಸ್ಟೋವಿನ ಸದ್ದೇ ಸಾಕು ಎಂದ.

ಅವನು ಡಬ್ಬಿಯನ್ನು ಎದುರಿನ ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಹೋಟೆಲಿನವನು ಕರಿ ಕೋಟು ಕಂಡು, ಹೆಗಲ ಮೇಲಿನ ಟವೆಲಿನಿಂದ ಕೂಡುವ ಬಾಕು ಒರೆಸಿ, ಗಾಜಿನ ಗ್ಲಾಸನ್ನು ನೀರಿನಲ್ಲಿ ಎರಡು ಸಲ ಗಲಬರಿಸಿ, ಎರಡೂ ಕೈಯಿಂದ ಚಹಾ ಕೊಟ್ಟ. ಆಮೇಲೆ ಹೊರಗೆ ನಿಂತ ನನ್ನನ್ನು ನೋಡಿದ. ಕರಿ ಕೈ, ಹರಿದ ತೋಳು. ಏನೂ ಕೇಳಲಿಲ್ಲ, ಗದ್ದದಿಂದ ಗೂಡಿನ ಕಡೆ ತೋರಿಸಿದ.

ನನ್ನ ಅಂಗಿಯ ಒಳಗೆ ಕೊರಳಲ್ಲಿ ಲಿಂಗವಿತ್ತು. ತೆಗೆದು ತೋರಿಸಿದ್ದರೆ ಅವನು ಕಾಲಿಗೆ ಬೀಳುತ್ತಿದ್ದ. ಬಾಬಣ್ಣ ಬಾಯಿ ಬಿಡಬೇಡ ಎಂದಿದ್ದನಲ್ಲ, ಗೂಡಿಗೆ ಕೈ ಹಾಕಿ ಕಪ್ಪು ತೆಗೆದುಕೊಂಡೆ. ಹೋಟೆಲಿನವನು ಮಾರುದ್ದ ಮೇಲಿನಿಂದ ಸುರಿದ. ಹಿಡಿದುಕೊಂಡು ನಿಂತೆ. ಕುಡಿಯಲಾಗಲಿಲ್ಲ. ಕಪ್ಪನ್ನು ನೆಲದ ಮೇಲಿಟ್ಟು ವ್ಯಾನಿಗೆ ಬಂದು ಕೂತೆ. ಬಾಬಣ್ಣ ತನ್ನ ಗ್ಲಾಸಿನ ಚಹಾವನ್ನು ನಿಧಾನವಾಗಿ ಪೂರ್ತಿ ಮುಗಿಸಿ ಬಂದ.

“ಕುಡದೇನು?”

“ಇಲ್ಲ.”

“ನಾನೂ ಮೊದಲನೇ ಸಲ ಕುಡದಿದ್ದಿಲ್ಲ” ಎಂದ. “ಆಮ್ಯಾಲ ನೀರಡಿಕಿ ಆತು.”

ಆ ರೀಲು ಬಂದ ಮೇಲೆ ಅವನು ಅದನ್ನು ಯಾವ ಊರಿನಲ್ಲೂ ತೋರಿಸಲಿಲ್ಲ. ಎರಡು ತಿಂಗಳು ಪೆಟ್ಟಿಗೆಯಲ್ಲಿಟ್ಟು, ಅದೇ ಊರಿನ ಪಾಳಿಗೆ ಕಾದ. ಅವತ್ತು ಮುಂಜಾನೆ ಬಾವಿಯ ಹತ್ತಿರ ಮುಖ ತೊಳೆಯುತ್ತ ತನ್ನ ವಿಚಾರ ಹೇಳಿದ. ಚಿತ್ರ ಓಡುವಾಗ ಮೈಕು ಹಿಡಿದು, ಒಳಗೆ ಕೂತವನು ಯಾರ ಪೈಕಿ, ಹೊರಗೆ ನಿಂತವನು ಯಾರ ಪೈಕಿ ಎಂದು ಅಷ್ಟೇ ಹೇಳುತ್ತಾನಂತೆ. ಬೈಯುವುದಿಲ್ಲ, ಭಾಷಣ ಇಲ್ಲ. “ನಗೂದಾದ್ರ ನಗಲಿ. ನೀ ಜನರೇಟರ್ ನೋಡ್ಕೋ, ಉಳದದ್ದು ನಾ ನೋಡ್ಕೋತೀನಿ.” ನಾನು ಹೂಂ ಎಂದೆ.

ಸಂಜೆ ಪರದೆಯ ಮುಂದೆ ಜನ ನೆರೆದಾಗ, ಮೂರು ಹರದಾರಿ ದೂರದಿಂದ ಗಾಡಿ ಕಟ್ಟಿಕೊಂಡು ನನ್ನ ಮಾವ ಬಂದಿದ್ದ. ಅಳಿಯನ ಸಿನಿಮಾ ಎಂದು ಹೇಳಿ ಅಣ್ಣತಮ್ಮಂದಿರನ್ನೂ ಕರೆತಂದು, ಎಲ್ಲರಿಗಿಂತ ಮುಂದೆ ಜಮಖಾನ ಹಾಸಿ ಕೂತಿದ್ದ.

ರೀಲು ಸುರುವಾಯಿತು. ಹೋಟೆಲಿನವನು ಪರದೆಯ ಮೇಲೆ ಟವೆಲಿನಿಂದ ಬಾಕು ಒರೆಸಿದ. ಊರು ಶಿಳ್ಳೆ ಹೊಡೆಯಿತು. ಹೋಟೆಲಿನವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಬಾಬಣ್ಣ ಮೈಕು ಬಾಯಿಯ ಹತ್ತಿರ ತಂದ. ಪರದೆಯ ಅಂಚಿನಲ್ಲಿ ಖಾಕಿ ತೋಳು ಕಂಡಿತು. ಅದು ಗೂಡಿಗೆ ಕೈ ಚಾಚುವ ಮೊದಲೇ ನಾನು ಜನರೇಟರ್ ಬಂದ್ ಮಾಡಿದೆ.

ಮೈಕು ವ್ಯಾನಿನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅವನು ಬೇಕಿದ್ದರೆ ಮಾತಾಡಬಹುದಿತ್ತು. ಕತ್ತಲಲ್ಲಿ ಕರ್ಣೆಯಿಂದ ಒಮ್ಮೆ ಉಸಿರು ಕೇಳಿಸಿತು. ಆಮೇಲೆ ಗುಂಡಿ ಆರಿಸಿದ ಸದ್ದು.

ಪೆಟ್ರೋಲ್ ಮುಗಿಯಿತು ಎಂದು ಎಲ್ಲರಿಗೂ ಕೂಗಿ ಹೇಳಿದೆ. ಅವನಿಗೂ ಅದನ್ನೇ ಹೇಳಿದೆ. ಹೌದಾ ಎಂದ. ಪರದೆ ಮಡಚಿದ. ಅವನು ಮಾತಾಡಿದ್ದರೆ ಕಲ್ಲು ಬೀಳುತ್ತಿದ್ದವು, ಅವನ ಜೀವ ಉಳಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕಲ್ಲು ಬೀಳುತ್ತಿದ್ದವೋ ಇಲ್ಲವೋ, ನೋಡಿದವರಿಲ್ಲ. ನನ್ನ ಕೈ ಗುಂಡಿಗೆ ಹೋದಾಗ ನನ್ನ ಕಣ್ಣಿದ್ದದ್ದು ಮಾವನ ಪಟಕದ ಮೇಲೆ. ಇದು ಖರೆ, ಬರೆಯದೆ ಬಿಟ್ಟರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ.

ಮರುದಿನ ಇಂಡಿಯ ದಾರಿಯಲ್ಲಿ ಬಾಬಣ್ಣ ಕೋಟು ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬುತ್ತಿ ಒಂದೇ ಅರಿವೆಯಲ್ಲಿ ಬಿಚ್ಚಿದೆವು, ಉಂಡೆವು. ಆ ಸುತ್ತು ಮುಗಿದ ಮೇಲೆ ಅವನು ಸೊಲ್ಲಾಪುರದ ಆಫೀಸಿನಲ್ಲೇ ಕೆಲಸ ಕೇಳಿ ಪಡೆದುಕೊಂಡ. ಹೋಗುವಾಗ ಖಾಲಿ ಡಬ್ಬಿಯನ್ನು ಸೀಟಿನ ಮೇಲೆ ಬಿಟ್ಟುಹೋದ. ನಾನೂ ಬಹಳ ದಿನ ಇರಲಿಲ್ಲ. ಹೊಸ ಆಪರೇಟರ್ ಒಳ್ಳೆಯವನೇ, ಆದರೆ ನನ್ನ ಕಾಲಿಗೆ ಕೆಲಸವಿರಲಿಲ್ಲ. ವ್ಯಾನು ಬಿಟ್ಟು ಲಾರಿ ಹಿಡಿದೆ.

ಬಾಬಣ್ಣ ತೀರಿಕೊಂಡ ಸುದ್ದಿಯ ಕಾರ್ಡು ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ. ಹೋಗಿ ಮಾಡುವುದೇನೂ ಉಳಿದಿರಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ಅವನನ್ನು ಕೊನೆಯ ಸಲ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೆ. ತೊಗರಿ ತುಂಬಿದ ಲಾರಿ ಹೊರಗೆ ನಿಲ್ಲಿಸಿ ಬಂದಿದ್ದೆ. ಹೊರಡಲು ನಿಂತ ಬಸ್ಸಿನ ಕಿಟಕಿಯಲ್ಲಿ ಅವನು ಕೂತಿದ್ದ. ಕೋಟಿರಲಿಲ್ಲ. ಬಿಳಿ ಅಂಗಿ, ತಲೆಯೂ ಅರ್ಧ ಬಿಳಿ. ನಾನು ಓಡಿ ಹೋಗಿ ಎರಡು ಗ್ಲಾಸು ಚಹಾ ತಂದು ಒಂದನ್ನು ಕಿಟಕಿಯಲ್ಲಿ ಕೊಟ್ಟೆ. ಇಬ್ಬರೂ ಕುಡಿದೆವು.

“ಬಾಬಣ್ಣ, ಅವತ್ತ ಪೆಟ್ರೋಲ್ ಮುಗದಿದ್ದಿಲ್ಲ” ಎಂದೆ.

“ಗೊತ್ತೈತಿ. ಪೆಟ್ರೋಲ್ ಮುಗದ್ರ ಜನರೇಟರ್ ಎರಡು ಸಲ ಕೆಮ್ಮಿ ನಿಲ್ಲತೈತಿ. ಅದು ಕೆಮ್ಮಲಿಲ್ಲ.”

ರೀಲು ಏನಾಯಿತು ಎಂದು ಕೇಳಿದೆ.

“ಐತಿ, ಮನ್ಯಾಗ. ಆಗಾಗ ನೋಡತೇನಿ. ಕಪ್ಪು ಹಿಡಕೊಂಡು ನಿಂತೀಯಲ್ಲ, ಅಲ್ಲಿ ನಿನ್ನ ಮುಖ ಭಾಳ ಛಲೋ ಬಂದೈತಿ, ಡ್ರೈವರ್.”

ಕಂಡಕ್ಟರ್ ಸೀಟಿ ಊದಿದ. ಬಾಬಣ್ಣ ಖಾಲಿ ಗ್ಲಾಸು ನನ್ನ ಕೈಗೆ ಕೊಟ್ಟ. ಬಸ್ಸು ಹಿಂದೆ ಸರಿದು, ತಿರುಗಿ, ಕಿಟಕಿ ಮತ್ತೆ ನನ್ನ ಎದುರಿಗೆ ಬಂದಾಗ, ಅವನು ನನ್ನನ್ನೇ ನೋಡುತ್ತ ಎಡಗಿವಿ ತುರಿಸಿಕೊಂಡ.

ಎರಡೂ ಕೈಯಲ್ಲಿ ಗ್ಲಾಸು ಹಿಡಿದು ನಿಂತಿದ್ದೆ. ಬಲಗಾಲು ತಾನಾಗಿಯೇ ನೆಲ ಒತ್ತಿತು. ಬಸ್ಸು ರಸ್ತೆಗೆ ಇಳಿದು ಕಣ್ಮರೆಯಾಗುವವರೆಗೆ ಒತ್ತಿಕೊಂಡೇ ಇದ್ದೆ.