ಮಸ್ಕತ್ತಿಗೆ ಹೊರಟ ಬೊಗ್ಗು ನೆಂಟರಿಗೆ ಹೇಳಿ ಬಂದದ್ದು

ಸಿದ್ಧಕಟ್ಟೆಯ ನಮ್ಮ ಮನೆಯಿಂದ ಬೆಳಿಗ್ಗೆ ತಿಂಡಿಯಾದ ಮೇಲೆ ಹೊರಟೆವು. ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಎಂಟನೆಯ ತರಗತಿಯ ಮಗಳು ಅನ್ವಿ. ಹಿಂದಿನ ಸೀಟು ಮಡಚಿ ಇಟ್ಟ ಹೊಸ ಪ್ಲಾಸ್ಟಿಕ್ ಗೂಡಿನೊಳಗೆ ನಮ್ಮ ನಾಯಿ ಬೊಗ್ಗು. ಕಂದು ಬಣ್ಣದ ಊರ ನಾಯಿ ಅವನು, ಎಡಗಿವಿ ಸದಾ ಮಡಚಿಯೇ ಇರುತ್ತದೆ. ಗೂಡಿನ ಬಾಗಿಲು ಹಾಕಿದ ಕ್ಷಣದಿಂದ ಕೂಗತೊಡಗಿದ್ದ. ಗೇಟಿನ ಬಳಿ ಸಿಕ್ಕಿದ ನೆರೆಮನೆಯ ಹೆಂಗಸು, "ಬೀದಿಯ ಕಾಟು ನಾಯಿಗೂ ವಿಮಾನವಾ ಮಾರಾಯ್ತಿ?" ಎಂದು ನಕ್ಕರು. ಅನ್ವಿ ಗಾಜು ಏರಿಸಿದಳು.

ಮಸ್ಕತ್ತಿನಲ್ಲಿ ಹೋಟೆಲಿನ ಕೆಲಸದಲ್ಲಿರುವ ನನ್ನವರ ಬಳಿಗೆ ನಾವು ಮುಂದಿನ ತಿಂಗಳು ಹೋಗುವವರು. ನಮ್ಮ ಕಡೆ ಪರದೇಶಕ್ಕೆ ಹೊರಡುವ ಮೊದಲು ನೆಂಟರ ಮನೆಗಳಿಗೆಲ್ಲ ಹೋಗಿ ಹೇಳಿ ಬರುವ ಕ್ರಮವುಂಟು. ಇತ್ತ ನಾಯಿಯ ಡಾಕ್ಟರು, ಗೂಡಿನಲ್ಲಿ ಕೂರಿಸಿ ಆದಷ್ಟು ಸುತ್ತಾಡಿಸಿ ಅಭ್ಯಾಸ ಮಾಡಿಸಿ ಎಂದಿದ್ದರು. ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಲೆಕ್ಕಾಚಾರ ನನ್ನದು. ಮೂಡುಬಿದಿರೆಯಲ್ಲಿ ಡಾಕ್ಟರು ಮತ್ತು ಚಿಕ್ಕಮ್ಮ, ಬೆಳ್ತಂಗಡಿ ದಾಟಿ ಚಾರ್ಮಾಡಿಯಲ್ಲಿ ಸೋದರಮಾವ.

ಆದರೆ ಹಿಂದಿನ ಸಂಜೆ ಫೋನಿನಲ್ಲಿ ನನ್ನವರು ಹೇಳಿದ್ದ ಮಾತು ನಮ್ಮಿಬ್ಬರ ತಲೆಯಲ್ಲೂ ಕೊರೆಯುತ್ತಿತ್ತು. "ಹೀಗೆ ಹೆದರಿ ಕೂಗುವ ಪ್ರಾಣಿಯನ್ನು ವಿಮಾನಕ್ಕೆ ಹಾಕುದು ಪಾಪ. ನಾಳೆಯೂ ಆಗದಿದ್ರೆ ಮಾವನ ಮನೆಯಲ್ಲೇ ಬಿಟ್ಟು ಬಾ. ಅವ ಹುಟ್ಟಿದ್ದೂ ಅಲ್ಲಿಯೇ ಅಲ್ವಾ?" ಅನ್ವಿ ಬೆಳಿಗ್ಗೆ ದೋಸೆ ಮುಟ್ಟಿರಲಿಲ್ಲ.

ಮೂಡುಬಿದಿರೆಯ ಡಾಕ್ಟರಮ್ಮ ಬೊಗ್ಗುವಿನ ಭುಜದ ಮೇಲೆ ಯಂತ್ರ ಹಿಡಿದರು. ಚರ್ಮದೊಳಗಿನ ಗುರುತಿನ ಚಿಪ್‌ಗೆ ಅದು ಪೀಂ ಎಂದಿತು. "ಚಿಪ್ ಸರಿ ಉಂಟು, ರೇಬಿಸ್ ಲಸಿಕೆ ಆಗಿದೆ, ರಕ್ತದ ರಿಪೋರ್ಟೂ ಬಂದಿದೆ. ಇನ್ನು ಇವನ ಮನಸ್ಸು ಒಂದು ತಯಾರಾಗ್ಬೇಕು" ಎಂದರು.

"ನಿದ್ದೆಯ ಮಾತ್ರೆ ಕೊಟ್ರೆ ಆಗ್ತದಾ ಡಾಕ್ಟ್ರೇ?"

"ಬೇಡಮ್ಮ. ವಿಮಾನದಲ್ಲಿ ಉಸಿರಾಟಕ್ಕೆ ತೊಂದರೆಯಾಗ್ತದೆ. ಗೂಡು ಅಂದ್ರೆ ತನ್ನ ಮನೆ ಅಂತ ಅವನಿಗೇ ಅನ್ನಿಸ್ಬೇಕು. ಮತ್ತೆ, ಗಾಡಿಯಲ್ಲಿ ಹೋಗುವಾಗ ಹೊಟ್ಟೆ ಹಗುರ ಇರ್ಲಿ."

ಹೊಟ್ಟೆ ಹಗುರ ಇಡುವುದು ಚಿಕ್ಕಮ್ಮನ ಮನೆಯಲ್ಲಿ ನಡೆಯುವ ಮಾತಲ್ಲ. ನಮಗೆ ಬೆಲ್ಲ, ನೀರು ತಂದಿಟ್ಟವರು ಹಿತ್ತಲಿಗೆ ಹೋದರು. ನಾನು ಹೋಗಿ ನೋಡುವಾಗ ಬೊಗ್ಗುವಿನ ಮುಂದೆ ಬಾಳೆಲೆ ಹಾಸಿ, ಕೋಳಿ ಸಾರಿನಲ್ಲಿ ನೆನೆಸಿದ ರೊಟ್ಟಿ ಬಡಿಸಿ ಆಗಿತ್ತು.

"ಎಂತ ಚಿಕ್ಕಮ್ಮ ಇದು! ಡಾಕ್ಟ್ರು ಬೇಡ ಹೇಳಿದ್ದಾರೆ."

"ಡಾಕ್ಟ್ರು ಹೇಳ್ಲಿ. ನಿನ್ನ ಗಂಡ ಮೊದಲ ಸಲ ಹೊರಟಾಗ ಇಲ್ಲಿ ಕೋರಿರೊಟ್ಟಿ ತಿಂದೇ ಹೋದದ್ದು. ಇವನನ್ನು ಮಾತ್ರ ಉಪವಾಸ ಕಳಿಸುದಾ? ನಾಳೆ ಅಲ್ಲಿಗೆ ಹೋಗಿ ನಮ್ಮ ಮರ್ಯಾದೆ ತೆಗೀಲಿಕ್ಕಾ?"

ಬೊಗ್ಗು ಎಲೆಯನ್ನೂ ನೆಕ್ಕಿ ಮುಗಿಸಿದ. ವೇಣೂರು ತಲುಪುವ ಮೊದಲೇ ಅದೆಲ್ಲ ಗೂಡಿನಲ್ಲಿ ಹೊರಗೆ ಬಂತು.

ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಗೂಡು ತೊಳೆದೆ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತವಳು ನಾನು, ಫಿನಾಯಿಲಿನ ಬಾಟಲಿಯಿಲ್ಲದೆ ದೂರ ಹೊರಡುವುದಿಲ್ಲ. ಚೆನ್ನಾಗಿ ಉಜ್ಜಿ, ಪರಿಮಳದ ಸೋಪಿನಲ್ಲಿ ಒಗೆದ ಟವೆಲು ಹಾಸಿದೆ. ಬೊಗ್ಗು ಗೂಡಿನ ಬಾಯಿಗೆ ಮೂಗು ತಂದ, ಎರಡು ಸಲ ಸೀನಿದ, ಮುಂಗಾಲು ಊರಿ ಕಲ್ಲಿನಂತೆ ನಿಂತುಬಿಟ್ಟ. ಬೆಳಿಗ್ಗೆ ಮನೆಯಲ್ಲಿ ಗೂಡು ಉಜ್ಜಿ ಇಟ್ಟಾಗಲೂ ಹೀಗೇ ಸೀನಿದ್ದು ನನಗೆ ನೆನಪಾಯಿತು. ಕೊನೆಗೆ ಅನ್ವಿ ಹಿಂದೆ ಗೂಡಿನ ಪಕ್ಕದಲ್ಲೇ ಕುಳಿತು ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು. ವಿಮಾನದಲ್ಲಿ ಆ ಮಡಿಲು ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬೆಳ್ತಂಗಡಿಯಲ್ಲಿ ಬಿಸಿಲು ಏರಿತ್ತು. ಹೋಟೆಲಿನಲ್ಲಿ ಮೀನಿನ ಊಟ ಚೆನ್ನಾಗಿತ್ತು, ಆದರೆ ಅನ್ವಿ ಮಜ್ಜಿಗೆ ಮಾತ್ರ ಕುಡಿದಳು. ಉಜಿರೆ ದಾಟಿ ಘಟ್ಟದ ಸಾಲು ಎದುರಿಗೆ ಕಾಣತೊಡಗಿದಾಗ, "ಅಮ್ಮ, ಸ್ವಲ್ಪ ಮೆಲ್ಲ ಹೋಗುವ" ಎಂದಳು.

ಮಾವ ಅಂಗಳದಲ್ಲೇ ನಿಂತಿದ್ದರು. "ಬಂದನಾ ನಮ್ಮ ಮಸ್ಕತ್ ಸಾಹುಕಾರ! ವಾಚು ಎಲ್ಲಿ, ಕಪ್ಪು ಕನ್ನಡಕ ಎಲ್ಲಿ ಮಾರಾಯ?"

"ಅಜ್ಜ, ಅವ ಇಲ್ಲೇ ಉಳಿಯುದೋ ಏನೋ" ಎಂದಳು ಅನ್ವಿ. ಮಾವನ ತಮಾಷೆ ಅಲ್ಲಿಗೆ ನಿಂತಿತು. "ಉಳಿದ್ರೆ ನನಗೇನು ಭಾರವಾ ಮಗಾ? ಬಾ, ಮೊದಲು ನೀರು ಕುಡಿ."

ನಾವು ನೀರು ಕುಡಿದು ನೋಡುವಾಗ ಬೊಗ್ಗು ಇಲ್ಲ. ಹುಡುಕುತ್ತ ಹೋದೆ. ರಬ್ಬರ್ ಶೀಟುಗಳನ್ನು ಹೊಗೆಗೆ ಒಣಹಾಕುವ ಕೋಣೆಯ ಮೂಲೆಯಲ್ಲಿ, ಕಪ್ಪಾದ ಹಳೆಯ ಗೋಣಿಯ ಮೇಲೆ ಸುರುಳಿ ಸುತ್ತಿ ಮಲಗಿದ್ದ. ಅವನ ತಾಯಿ ಮರಿ ಹಾಕಿದ್ದು ಇದೇ ಕೋಣೆಯಲ್ಲಿ. ಹುಳಿ ರಬ್ಬರು, ಹೊಗೆ ಸೇರಿದ ಆ ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ. ಬೊಗ್ಗು ಮಾತ್ರ ಮೂಗನ್ನು ಗೋಣಿಯೊಳಗೇ ತೂರಿಸಿ ಉದ್ದಕ್ಕೆ ಉಸಿರೆಳೆಯುತ್ತಿದ್ದ. ಬೆಳಗಿನ ಆ ಸೀನು ನನಗೆ ಆಗ ಅರ್ಥವಾಯಿತು.

"ಮಾವ, ಆ ಗೋಣಿ ನನಗೆ ಬೇಕಿತ್ತು."

"ಆ ನಾತದ್ದಾ? ಹೊಸತು ಕೊಡ್ತೇನೆ ಮಾರಾಯ್ತಿ, ಬೇಕಾದಷ್ಟು ಉಂಟು."

"ನಾತದ್ದೇ ಆಗ್ಬೇಕು ಮಾವ."

ಫಿನಾಯಿಲಿನ ಸುಳಿವೂ ಉಳಿಯದ ಹಾಗೆ ಬರೀ ನೀರಿನಲ್ಲಿ ಗೂಡನ್ನು ಮತ್ತೆ ಮತ್ತೆ ತೊಳೆದು ಬಿಸಿಲಿಗಿಟ್ಟೆವು. ಒಣಗಿದ ಮೇಲೆ ಗೋಣಿ ಹಾಸಿ, ಕಾರಿನಲ್ಲಿಟ್ಟು, ಹಿಂದಿನ ಬಾಗಿಲು ತೆರೆದಿಟ್ಟೆವು. ಯಾರೂ ಅವನನ್ನು ಕರೆಯಬಾರದೆಂದು ನಾನು ಹೇಳಿದೆ. ಜಗಲಿಯಲ್ಲಿ ಚಹಾ ಕುಡಿಯುವ ನಟನೆ ನಮ್ಮದು. ಅನ್ವಿಯ ಉಗುರು ನನ್ನ ಅಂಗೈಗೆ ನಾಟಿತ್ತು.

ಬೊಗ್ಗು ಬಂದ. ಕಾರಿಗೆ ಹಾರಿದ. ಗೂಡಿನ ಬಾಯಿಗೆ ಮೂಗು ಇಟ್ಟ. ಸೀನಲಿಲ್ಲ. ಒಳಗೆ ಹೋಗಿ ಒಂದು ಸುತ್ತು ಸುತ್ತಿ ಮಲಗಿದ. ಮಾವ ಮೆಲ್ಲನೆ ಹೋಗಿ ಬಾಗಿಲು ಹಾಕಿದರು. ಮಡಚಿದ ಕಿವಿ ಅಲುಗಿತು, ಅಷ್ಟೆ.

"ಹೋಗಿ ಬಾ ಮಗಾ" ಎಂದರು ಮಾವ. ಅದನ್ನು ನಮಗೆ ಹೇಳಿದ್ದೋ ಅವನಿಗೋ, ನಾನು ಕೇಳಲಿಲ್ಲ.

ಹಿಂದಿರುಗುವಾಗ ಗಾಜು ಇಳಿಸಿಯೇ ಓಡಿಸಿದೆ. ಕಾರಿನ ತುಂಬ ರಬ್ಬರಿನ ನಾತ, ಆದರೆ ಒಂದು ಕೂಗಿಲ್ಲ. ಪುಂಜಾಲಕಟ್ಟೆಯಲ್ಲಿ ನಿಲ್ಲಿಸಿ ನನ್ನವರಿಗೆ ವಿಡಿಯೋ ಕರೆ ಮಾಡಿ ಗೂಡಿನತ್ತ ಫೋನು ಹಿಡಿದೆ.

"ಸತ್ಯ ಹೇಳು, ಮಾತ್ರೆ ಕೊಟ್ಟದ್ದಾ?"

"ಅಲ್ಲ, ಗೋಣಿ ಕೊಟ್ಟದ್ದು. ಮಾವನ ಹೊಗೆಕೋಣೆಯದ್ದು."

"ಫ್ಲಾಟಿಗೆ ಆ ನಾತ ತರ್ತೀಯಾ?"

"ಊರಿನ ನಾತ ಅಲ್ವಾ? ನಿಮಗೂ ಒಳ್ಳೆ ನಿದ್ದೆ ಬರ್ತದೆ."

ನಕ್ಕರು. "ಆಯ್ತು. ಅವನಿಗೂ ಸೇರಿಸಿಯೇ ಟಿಕೆಟ್ ನೋಡ್ತೇನೆ" ಎಂದರು. ಅನ್ವಿ ಅಂಗಡಿಗೆ ಓಡಿ ಎರಡು ಬನ್ಸ್ ತಂದು ಎರಡನ್ನೂ ತಾನೇ ತಿಂದಳು.

ಸಿದ್ಧಕಟ್ಟೆಗೆ ಬಂದಾಗ ಇನ್ನೂ ಬೆಳಕಿತ್ತು. ಬೊಗಳುವ ಸದ್ದು ಕೇಳದೆ ನೆರೆಮನೆಯವರು ಗೇಟಿನ ತನಕ ಬಂದರು. "ಬಿಟ್ಟು ಬಂದ್ರಾ? ಪಾಪ."

ಅನ್ವಿ ರಾಣಿಯ ಹಾಗೆ ನಡೆದು ಹೋಗಿ ಕಾರಿನ ಹಿಂಬಾಗಿಲು ಎತ್ತಿ, ಗೂಡಿನ ಬಾಗಿಲನ್ನೂ ತೆರೆದಳು. ಬೊಗ್ಗು ಒಂದು ಕಣ್ಣು ಬಿಟ್ಟು ನಮ್ಮ ಮನೆಯನ್ನು ನೋಡಿದ. ಮತ್ತೆ ಗೋಣಿಗೆ ಮೂಗು ಇಟ್ಟು ಕಣ್ಣು ಮುಚ್ಚಿದ.

"ಇದೆಂತ, ಇಳಿಯುದಿಲ್ವಾ ಇವ?"

"ಅವ ಇಳಿಯುವ ಊರು ಇನ್ನೂ ಬರ್ಲಿಲ್ಲ ಆಂಟಿ" ಎಂದಳು ಅನ್ವಿ.