ನನಗೊಬ್ಬಳಿಗೇ ಕೇಳಿದ ಸದ್ದು

ನಮ್ಮ ಮನೆಯವರಿಗೆ ಕಿವಿ ಮಂದವಾಗಿದೆ ಎಂಬ ಸಂಗತಿ ಹಲಸೂರಿನ ನಮ್ಮ ಬೀದಿಯಲ್ಲಿ ಅವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು. ಹಾಲಿನವನು ಬಾಗಿಲು ಬಡಿಯುವುದನ್ನು ಬಿಟ್ಟು ನನ್ನ ಮೊಬೈಲಿಗೇ ಫೋನ್ ಮಾಡುತ್ತಿದ್ದ. ಎದುರುಮನೆಯ ತಮಿಳಿನ ಅಜ್ಜಿ, "ನಿಮ್ಮನೆ ವಾರ್ತೆ ನಮ್ಮನೇಲೇ ಚೆನ್ನಾಗಿ ಕೇಳುತ್ತೆ ಕಣಮ್ಮ, ನಾವು ಟಿವಿ ಹಾಕೋದೇ ಬಿಟ್ಬಿಟ್ವಿ" ಎಂದು ಚುಚ್ಚುತ್ತಿದ್ದರು. ಇವರು ಮಾತ್ರ, ಈಗಿನವರಿಗೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ, ಎಲ್ಲರೂ ಗೊಣಗುತ್ತಾರೆ, ಟಿವಿಯ ಸ್ಪೀಕರ್ ಸರಿಯಿಲ್ಲ ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಿವಿ ಡಾಕ್ಟರ ಹೆಸರೆತ್ತಿದರೆ ಸಾಕು, ಮುಖ ಊದಿಸಿಕೊಂಡು ಕೂರುತ್ತಿದ್ದರು.

ಬೇರೆ ಯಾರಿಗಾದರೂ ಆಗಿದ್ದರೆ ಇದು ಅಷ್ಟು ದೊಡ್ಡ ಮಾತಲ್ಲ. ವಯಸ್ಸಾಯಿತು, ಕಿವಿ ಹೋಯಿತು, ಮಿಷನ್ ಹಾಕಿಕೊಂಡರಾಯಿತು. ಆದರೆ ಇವರ ಬದುಕೆಲ್ಲ ಕಿವಿಯ ಮೇಲೇ ನಿಂತಿತ್ತು. ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದರು. ಮೇಲಿನವರು ಮೀಟರು ನೋಡುವ ಮೊದಲು ಇವರನ್ನು ಕರೆಸಿ, ಸದ್ದು ಕೇಳಿ ಹೇಳಿ ಎನ್ನುತ್ತಿದ್ದರಂತೆ. ನಿವೃತ್ತರಾದ ಮೇಲೂ ಮರ್ಫಿ ಟೌನಿನ ಕಡೆಯವರು ಬೈಕು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿ ಆಕ್ಸಿಲರೇಟರ್ ತಿರುವುತ್ತಿದ್ದರು. ಇವರು ಕಾಫಿ ಲೋಟ ಹಿಡಿದುಕೊಂಡೇ ತಲೆಯನ್ನು ಸ್ವಲ್ಪ ವಾರೆ ಮಾಡಿ, "ಟೈಮಿಂಗ್ ಚೈನು ಸಡಿಲ ಆಗಿದೆ ನೋಡು ಮಗಾ" ಎನ್ನುತ್ತಿದ್ದರು. ಅದು ಹಾಗೇ ಆಗಿರುತ್ತಿತ್ತು. ನಾನು ಕೆ.ಆರ್. ಪುರದ ಕಡೆಯ ಬೇಸಾಯದ ಮನೆಯವಳು, ಎಮ್ಮೆಯ ಕೆಮ್ಮು ಕೇಳಿಯೇ ಅದರ ರೋಗ ಹೇಳುತ್ತಿದ್ದ ಅಪ್ಪನನ್ನು ಕಂಡವಳು. ಮದುವೆಯಾದ ಹೊಸದರಲ್ಲಿ ಗಂಡನ ಈ ವಿದ್ಯೆ ಕಂಡು ಆಶ್ಚರ್ಯಕ್ಕಿಂತ ಹೆಮ್ಮೆಯೇ ಆಗಿತ್ತು. ಈಚೆಗೆ ಬೈಕಿನವರು ಬರುವುದು ನಿಂತುಹೋಗಿತ್ತು. ಯಾಕೆ ಎಂದು ಇವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮದೊಂದು ಸಣ್ಣ ಹಳೆಯ ಕಾರಿದೆ. ಅದಕ್ಕೆ ನಡೆಯುವ ಉಪಚಾರ ಅಳಿಯನಿಗೂ ನಡೆಯುವುದಿಲ್ಲ. ದಿನಾ ಒರೆಸಬೇಕು. ವಾರಕ್ಕೊಮ್ಮೆ ಬಾನೆಟ್ ಎತ್ತಿ, ಇಂಜಿನ್ ಆಯಿಲಿನ ಅಳತೆ ಕಡ್ಡಿಯನ್ನು ಎಳೆದು, ಹರಿದ ಬನಿಯನ್ ತುಂಡಿನಿಂದ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡಬೇಕು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದಕ್ಕಿಂತ ಈ ಕಡ್ಡಿ ನೋಡಿದ್ದೇ ಹೆಚ್ಚು. ಇಷ್ಟೆಲ್ಲ ಮಾಡಿಯೂ ಕಾರು ಹೋಗುತ್ತಿದ್ದುದು ಹಲಸೂರು ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ, ಹೆಚ್ಚೆಂದರೆ ಇಂದಿರಾನಗರದ ಬ್ಯಾಂಕಿಗೆ. ಮಗಳ ಮನೆ ಇರುವುದು ಮಾರತ್ತಹಳ್ಳಿಯಲ್ಲಿ. ಮೊದಲೆಲ್ಲ ಮನಸ್ಸಾದಾಗ ಹೊರಟುಬಿಡುತ್ತಿದ್ದವರು ಒಂದೆರಡು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ರಿಂಗ್ ರೋಡಿನಲ್ಲಿ ಮೆಟ್ರೋ ಕೆಲಸ, ಗುಂಡಿ, ಬಿಸಿಲು, ಏನಾದರೊಂದು ನೆಪ. "ಅವಳೇ ಬರ್ಲಿ ಬಿಡು" ಎನ್ನುತ್ತಿದ್ದರು. ಮೊಮ್ಮಗಳನ್ನು ನೋಡದೆ ನನ್ನ ಜೀವ ಚಡಪಡಿಸುತ್ತಿತ್ತು. ಮುದಿತನಕ್ಕೆ ಸೋಮಾರಿತನ ಜೊತೆಯಾಗಿದೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ತರಕಾರಿ ತೆಗೆದುಕೊಂಡು ಮಾರ್ಕೆಟ್ಟಿನಿಂದ ಬರುತ್ತಿದ್ದೆವು. ಸಿಗ್ನಲಿನಲ್ಲಿ ಕಾರು ನಿಂತಾಗ ಬಾನೆಟ್ಟಿನೊಳಗಿಂದ ಟಿಕ್ ಟಿಕ್ ಟಿಕ್ ಎಂದು ಸದ್ದು ಬಂತು, ಎಣ್ಣೆ ಕಾಣದ ಹೊಲಿಗೆ ಯಂತ್ರದ ಹಾಗೆ. ಅದೇ ಹೊತ್ತಿಗೆ ಸ್ಟೀರಿಂಗ್ ಹಿಂದೆ ಎಣ್ಣೆ ಕ್ಯಾನಿನ ಆಕಾರದ ಕೆಂಪು ದೀಪ ಮಿಣುಕಿತು. ಇವರು ಆಕ್ಸಿಲರೇಟರ್ ಒತ್ತಿದಾಗ ಆರಿತು.

"ರೀ, ಏನೋ ಟಿಕ್ ಟಿಕ್ ಅಂತಿದೆ" ಎಂದೆ.

"ಎಲ್ಲಿ?"

"ಕಾರಲ್ಲಿ ರೀ. ದೀಪಾನೂ ಹತ್ಕೊಳ್ತು."

"ಅದು ಪಕ್ಕದ ಆಟೋದು ಕಣೇ. ದೀಪದ ಸ್ವಿಚ್ಚು ಹಳೇದು, ಅದರ ಮಾತು ನಂಬಕ್ಕಾಗಲ್ಲ" ಎಂದರು.

ಪಕ್ಕದಲ್ಲಿ ಆಟೋ ಇರಲಿಲ್ಲ. ಮನೆಗೆ ಬಂದ ಮೇಲೆ ಅಳತೆ ಕಡ್ಡಿ ಎಳೆದು ನನ್ನ ಮೂಗಿನ ಮುಂದೆ ಹಿಡಿದು, "ನೋಡು, ಎಣ್ಣೆ ಮೇಲಿನ ಗೆರೆ ತನಕ ಇದೆ" ಎಂದು ಸಾಧಿಸಿದರು. ನಾನು ಒಳಗೆ ಹೋಗಿ ಸೊಪ್ಪು ಬಿಡಿಸುತ್ತ ಕಿಟಕಿಯಿಂದ ನೋಡಿದೆ. ಇವರು ಇಂಜಿನ್ ಮತ್ತೆ ಸ್ಟಾರ್ಟ್ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಒಳಗಿನ ಸದ್ದು ಕೇಳಲು ಇವರು ಮೊದಲಿನಿಂದಲೂ ಮಾಡುವ ಉಪಾಯ ಅದು. ತುಂಬ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. ಆಮೇಲೆ ಇನ್ನೊಂದು ಕಿವಿಗೆ ಇಟ್ಟುಕೊಂಡರು. ನನಗೆ ಅಡುಗೆಮನೆಯಲ್ಲೇ ಆ ಟಿಕ್ ಟಿಕ್ ಕೇಳಿಸುತ್ತಿತ್ತು. ಇವರು ಇಂಜಿನ್ ಆರಿಸಿ, ಸ್ಕ್ರೂಡ್ರೈವರನ್ನು ಒರೆಸಿದ್ದನ್ನೇ ಒರೆಸುತ್ತ ನಿಂತರು. ಆ ಮುಖ ನೋಡಿ ನನಗೆ ಸಂಕಟವಾಯಿತು. ಒಳಗೆ ಬಂದು "ಏನೂ ಇಲ್ಲ" ಎಂದಾಗ ಕಾಫಿ ಬೆರೆಸಿ ಕೈಗೆ ಕೊಟ್ಟೆ.

ಸಂಕಟ ಸಂಕಟವೇ, ಕಾರು ಕಾರೇ. ಮಾರನೆಯ ದಿನ ಇವರು ಸ್ನಾನಕ್ಕೆ ಹೋದಾಗ ಶಿವಾಜಿನಗರದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಇವರಿಗೆ ಬಹಳ ಹಳೆಯ ಪರಿಚಯದವರು, ಇವರ ಕಿವಿಗೆ ಇವರಿಗಿಂತ ಹೆಚ್ಚು ಮರ್ಯಾದೆ ಕೊಡುವವರು. ಅವರು ದಾರಿಯಲ್ಲಿ ಹೋಗುತ್ತ ಸುಮ್ಮನೆ ಬಂದವರ ಹಾಗೆ ಬಂದರು. ಎಣ್ಣೆಯ ಒತ್ತಡ ಇಳಿದರೆ ಆ ಕೆಂಪು ದೀಪ ಹೊತ್ತಿಸುವ ಸ್ವಿಚ್ಚನ್ನು ಇಂಜಿನ್ನಿನಿಂದ ಬಿಚ್ಚಿ, ಅದರ ಜಾಗಕ್ಕೆ ಒತ್ತಡ ಅಳೆಯುವ ಗೇಜು ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿದರು. ಮುಳ್ಳು ಇಳಿದು ಇಳಿದು ತಳಕ್ಕೆ ಹತ್ತಿರ ಬಂದು ನಿಂತಿತು.

"ಸ್ವಿಚ್ಚು ಸುಳ್ಳು ಹೇಳ್ತಾ ಇಲ್ಲ ಸಾಬ್. ಆಯಿಲ್ ಪಂಪು ಎಳೀತಾ ಇಲ್ಲ. ಇನ್ನು ಒಂದು ಗಲ್ಲಿನೂ ಓಡಿಸ್ಬೇಡಿ, ಬೇರಿಂಗ್ ಹೋಗ್ಬಿಡುತ್ತೆ" ಎಂದರು.

ಗೇಜಿನ ಮುಳ್ಳಿನ ಮುಂದೆ ಇವರ ವಾದ ನಡೆಯಲಿಲ್ಲ. ಕಾರನ್ನು ಟೋ ಮಾಡಿಸಿಕೊಂಡು ಶಿವಾಜಿನಗರಕ್ಕೆ ಹೋದೆವು. ನೀನ್ಯಾಕೆ ಎಂದರೂ ಕೇಳದೆ ನಾನೂ ಹೊರಟೆ. ಗ್ಯಾರೇಜಿನಲ್ಲಿ ನನಗೊಂದು ಸ್ಟೂಲು ಹಾಕಿ ಟೀ ತರಿಸಿದರು. ಕೆಲಸ ಶುರುವಾದ ಮೇಲೆ ಇವರ ಬಿಗುಮಾನ ಇಳಿದು, ನನಗೆ ಪಾಠ ಹೇಳುವ ಹುರುಪು ಬಂತು.

"ನಮ್ಮನೆ ಸಂಪು ಇದೆಯಲ್ಲ, ಇಂಜಿನ್ ಕೆಳಗೂ ಹಂಗೇ ಒಂದು ಸಂಪು. ಅದರಲ್ಲಿ ಎಣ್ಣೆ ಇರುತ್ತೆ. ನಮ್ಮ ಮೋಟರು ಮೇಲಿನ ಟ್ಯಾಂಕಿಗೆ ನೀರು ಏರಿಸೋ ಹಂಗೆ, ಈ ಪಂಪು ಎಣ್ಣೇನ ಇಂಜಿನ್ ತಲೆ ತನಕ ಏರಿಸ್ಬೇಕು. ಸಂಪಲ್ಲಿ ನೀರಿದ್ರೂ ಮೋಟರು ಎಳೀದಿದ್ರೆ ನಲ್ಲೀಲಿ ಏನ್ ಬರುತ್ತೆ?"

"ಗಾಳಿ."

"ಅಷ್ಟೇ. ಕಡ್ಡೀಲಿ ಕಾಣೋದು ಸಂಪಿನ ಎಣ್ಣೆ. ಮೇಲಕ್ಕೆ ಹತ್ತಿದ್ಯೋ ಇಲ್ವೋ ಕಡ್ಡಿ ಹೇಳಲ್ಲ. ಅದನ್ನ ಹೇಳೋದು ದೀಪ."

ನಿನ್ನೆ ಅದೇ ಕಡ್ಡಿಯನ್ನು ನನ್ನ ಮೂಗಿಗೆ ಹಿಡಿದವರು ಇವರೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ನಾನು ಟೀ ಕುಡಿದೆ.

ಮೆಕ್ಯಾನಿಕ್ ಕೆಳಗಿನ ಸಂಪನ್ನು ಬಿಚ್ಚಿದಾಗ ಇವರ ಪಾಠ ನಿಂತಿತು. ತಳದಲ್ಲಿ ಕಪ್ಪಗೆ, ಒಲೆಯ ಮೇಲಿಟ್ಟು ಮರೆತ ಬೆಲ್ಲದ ಪಾಕದಂಥ ಗಸಿ ಕಟ್ಟಿತ್ತು. ಪಂಪು ಎಣ್ಣೆ ಹೀರುವ ಬಾಯಿಗೆ ಒಂದು ಜಾಲರಿ ಇರುತ್ತದೆ. ಆ ಗಸಿ ಅದರ ಕಣ್ಣುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಪಂಪನ್ನೂ ಬಿಚ್ಚಿದರು. ಒಂದರೊಳಗೊಂದು ತಿರುಗುವ ಎರಡು ಹಲ್ಲಿನ ಚಕ್ರಗಳು. ಇವರು ಅದನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಸವರಿ, "ಗೀರು ಬಿದ್ದಿದೆ, ಉಗುರು ಸಿಕ್ಕೊಳ್ತಿದೆ. ಹೊಸದೇ ಹಾಕ್ಬೇಕು" ಎಂದರು. ಮೆಕ್ಯಾನಿಕ್ ಹೌದೆಂದು ತಲೆಯಾಡಿಸಿ, ಗಸಿಯನ್ನು ಬೆರಳಿನಿಂದ ಕೆರೆದು ನೋಡುತ್ತ ಕೇಳಿದರು.

"ಸಾಬ್, ಈ ಗಾಡಿ ಲಾಂಗ್ ಹೋಗೇ ಇಲ್ವಾ? ಇದು ಬಿಸಿ ಆಗೋ ಮುಂಚೆ ಆಫ್ ಮಾಡಿ ಆಫ್ ಮಾಡಿ ಕಟ್ಟಿರೋ ಗಸಿ. ಆಯಿಲ್ ಬದಲಾಯಿಸಿದ್ದು ಯಾವಾಗ?"

"ಕಿಲೋಮೀಟರ್ ಆಗಿರ್ಲಿಲ್ಲ" ಎಂದರು ಇವರು ಸಣ್ಣ ದನಿಯಲ್ಲಿ.

"ಕಿಲೋಮೀಟರ್ ಆಗ್ದಿದ್ರೂ ವರ್ಷಕ್ಕೊಂದ್ಸಲ ಬದಲಾಯಿಸು ಅಂತ ನಮಗೆ ಹೇಳ್ಕೊಟ್ಟೋರೇ ನೀವು. ಮಗಳ ಮನೆಗೆ ಹೋಗ್ತಿದ್ರಲ್ಲ, ಅದೂ ಬಿಟ್ರಾ?"

ಇವರು ಕೈಯಲ್ಲಿದ್ದ ಚಕ್ರವನ್ನು ತಿರುಗಿಸುತ್ತ ನಿಂತರು. ನಾನು ಆ ಗಸಿಯನ್ನು ನೋಡಿದೆ, ಇವರನ್ನು ನೋಡಿದೆ. ಸೋಮಾರಿತನ ಎಂದು ನಾನು ಬೈದುಕೊಂಡಿದ್ದು ಸೋಮಾರಿತನವಾಗಿರಲಿಲ್ಲ. ಈ ಮನುಷ್ಯನಿಗೆ ದೊಡ್ಡ ರಸ್ತೆಯೆಂದರೆ ಭಯವಾಗಿತ್ತು. ತನ್ನ ಕಿವಿಯ ವಿಷಯ ಬೀದಿಯವರಿಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಯಾರಿಗೂ ಹೇಳದೆ, ಹೋಗುವ ದಾರಿಯನ್ನು ಸ್ವಲ್ಪ ಸ್ವಲ್ಪವೇ ಮೊಟಕು ಮಾಡಿಕೊಳ್ಳುತ್ತ ಮಾರ್ಕೆಟ್ಟಿನ ತನಕ ಬಂದು ನಿಂತಿದ್ದರು.

ಎಲ್ಲವನ್ನೂ ತೊಳೆದು ಹೊಸ ಪಂಪು ಕೂರಿಸುವಷ್ಟರಲ್ಲಿ ಮಾರನೆಯ ಸಂಜೆಯಾಯಿತು. ಆಗಲೂ ನಾನು ಜೊತೆಗಿದ್ದೆ. ಕೂರಿಸುವ ಮೊದಲು ಇವರೇ ಪಂಪಿನೊಳಕ್ಕೆ ಎಣ್ಣೆ ಸುರಿದು ಚಕ್ರಗಳನ್ನು ಕೈಯಲ್ಲಿ ತಿರುಗಿಸಿದ್ದರು. ಒಣಗಿದ ಪಂಪು ತಾನಾಗಿ ಎಣ್ಣೆ ಹಿಡಿಯಲು ತಡವಾಗುತ್ತದೆ, ಅಷ್ಟರಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ನಮ್ಮಪ್ಪನೂ ತೋಟದ ಪಂಪ್‌ಸೆಟ್ಟಿಗೆ ಮೊದಲು ಒಂದು ಬಿಂದಿಗೆ ನೀರು ಕುಡಿಸಿಯೇ ಸ್ವಿಚ್ಚು ಹಾಕುತ್ತಿದ್ದರು, ಆದ್ದರಿಂದ ಇದೊಂದು ನನಗೆ ಹೇಳಿಸಿಕೊಳ್ಳದೆಯೇ ಅರ್ಥವಾಯಿತು. ಮೆಕ್ಯಾನಿಕ್ ಮತ್ತೆ ಗೇಜು ಹಾಕಿ, ಇಂಜಿನ್ ಹೊತ್ತಿಕೊಳ್ಳದ ಹಾಗೆ ವೈರು ಕಿತ್ತಿಟ್ಟು, ಮುಳ್ಳು ಮೇಲೇಳುವ ತನಕ ಬರೀ ಸೆಲ್ಫ್ ಹೊಡೆದು ತಿರುಗಿಸಿದರು. ಆಮೇಲೆ ವೈರು ಸಿಕ್ಕಿಸಿ ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಟ್ಟರು. ಬಿಸಿಯಾದ ಮೇಲೂ ಗೇಜಿನ ಮುಳ್ಳು ನಡುವಿನಿಂದ ಕೆಳಗಿಳಿಯಲಿಲ್ಲ.

ಪಕ್ಕದ ಗಾಡಿಗಳ ಕೆಲಸದವರೂ ಬಂದು ಸುತ್ತ ನಿಂತಿದ್ದರು. ಮೆಕ್ಯಾನಿಕ್ ಅಭಿಮಾನದಿಂದ ದೊಡ್ಡ ಸ್ಕ್ರೂಡ್ರೈವರನ್ನು ಇವರ ಕೈಗೆ ಕೊಟ್ಟು, "ಕೇಳಿ ಹೇಳಿ ಸಾಬ್. ನೀವು ಓಕೆ ಅಂದ್ರೆ ಓಕೆ" ಎಂದರು.

ಇವರು ಅದನ್ನು ತೆಗೆದುಕೊಂಡರು. ಇಂಜಿನ್ನಿನ ಮೇಲಿಡಲಿಲ್ಲ. ನನ್ನ ಕಡೆ ನೀಡಿದರು.

"ಇವಳನ್ನ ಕೇಳಿ. ನಂಗೆ ಕೇಳ್ಸಲ್ಲ."

ಆ ಒಂದು ಮಾತು ಇವರ ಬಾಯಿಂದ ಬರಲಿ ಎಂದು ನಾನು ಎಷ್ಟು ಜಗಳ ಆಡಿದ್ದೆ! ಬಂದಾಗ ಗೆದ್ದೆ ಅನ್ನಿಸಲಿಲ್ಲ, ಅಳು ಬಂತು. ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡೆ. ಒಳಗೆ ಟಿಕ್ ಟಿಕ್ ಇರಲಿಲ್ಲ, ಒಂದೇ ಸಮನೆ ಮೆತ್ತಗಿನ ಸದ್ದು. "ಚೆನ್ನಾಗಿದೆ ರೀ" ಎಂದೆ. ಇವರು ಮೆಕ್ಯಾನಿಕ್ ಕಡೆ ತಿರುಗಿ "ಓಕೆ" ಎಂದರು.

ಕಾರಿನಲ್ಲಿ ಕೂತ ಮೇಲೆ ತಕ್ಷಣ ಹೊರಡಲಿಲ್ಲ. ಎದುರಿನ ಗಾಜು ನೋಡುತ್ತ ಹೇಳಿದರು: "ಕೊನೇ ಸಲ ನಿನ್ನನ್ನ ಮಗಳ ಮನೇಲಿ ಬಿಟ್ಟು ಒಬ್ನೇ ವಾಪಸ್ ಬರ್ತಿದ್ದೆ. ಬೈಯಪ್ಪನಹಳ್ಳಿ ಹತ್ರ ಹಿಂದೆ ಆಂಬುಲೆನ್ಸ್ ಬಂದಿದೆ. ನಂಗೆ ಗೊತ್ತೇ ಆಗ್ಲಿಲ್ಲ. ಕನ್ನಡಿ ನೋಡ್ಲಿಲ್ಲ ಕಣೇ, ಕಿವೀನೇ ನಂಬ್ಕೊಂಡಿದ್ದೆ. ಬೈಕಿನವನೊಬ್ಬ ಬಂದು ಕಾರಿಗೆ ಗುದ್ದಿ ಬೈದ. ಎಷ್ಟೊತ್ತು ಅಡ್ಡ ಇದ್ನೋ ಏನೋ. ಒಳಗಿದ್ದೋರು ಏನಾದ್ರೋ ಗೊತ್ತಿಲ್ಲ."

ಅವರ ಕೈ ಹಿಡಿದುಕೊಂಡೆ. ಗ್ರೀಸಿನ ಕೈ, ಜಾರುತ್ತಿತ್ತು.

"ಸೋಮವಾರ ಕಿವಿ ಡಾಕ್ಟ್ರ ಹತ್ರ ಹೋಗೋಣ. ಅಲ್ಲೀತನಕ ಇದು ಮನೆ ಮುಂದೇನೇ ಇರ್ಲಿ. ಇವತ್ತೊಂದಿನ ಹಿಂದೆ ಏನ್ ಬರುತ್ತೆ ನೀನು ಹೇಳ್ತಾ ಇರು" ಎಂದು ಗೇರ್ ಹಾಕಿದರು.

ಹೇಳುತ್ತ ಬಂದೆ. ಹಿಂದೆ ಬಸ್ಸು, ಹಾರ್ನ್ ಹೊಡೀತಿದೆ. ಎಡಗಡೆ ಬೈಕು. ಆಟೋ, ಅವಸರದವನು, ಬಿಡಿ ಹೋಗ್ಲಿ. ಇವರು ಕನ್ನಡಿ ನೋಡುತ್ತ, ನನ್ನ ಮಾತಿಗೆ ತಲೆಯಾಡಿಸುತ್ತ ನಿಧಾನವಾಗಿ ಓಡಿಸಿದರು. ಹಲಸೂರು ಕೆರೆಯ ಪಕ್ಕ ಬರುವಾಗ ತುಂಬ ದೂರದಲ್ಲಿ ಸೈರನ್ ಕೇಳಿಸಿತು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದೆ.

"ರೀ, ಆಂಬುಲೆನ್ಸ್. ಇನ್ನೂ ದೂರ ಇದೆ."

ಇವರು ಕೂಡಲೇ ಕಾರನ್ನು ಎಡಕ್ಕೆ ಪೂರ್ತಿ ಸರಿಸಿ ನಿಲ್ಲಿಸಿಬಿಟ್ಟರು. ಹಿಂದಿನ ಗಾಡಿಗಳು ರೇಗಿ ಹಾರ್ನ್ ಹೊಡೆದವು. ಆಂಬುಲೆನ್ಸ್ ನಮ್ಮ ಪಕ್ಕದಲ್ಲೇ ಹಾದು, ತಿರುವು ದಾಟಿ ಹೋಯಿತು. ಇವರು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದರು.

"ಹೋಯ್ತಾ?" ಎಂದರು.

"ಹೋಯ್ತು ರೀ, ಸರಿಯಾದ ಹೊತ್ತಿಗೆ ಹೋಗಿ ಸೇರುತ್ತೆ. ನಡೀರಿ" ಎಂದೆ.